ಹದಿಮೂರು ಮನೆಯ ಊಟ ಉಂಡು ಅಲಾಸ್ಕಾಗೆ ಹೊರಟದ್ದು

ನನಗೆ ಭೂಗೋಳ ಚೆನ್ನಾಗಿ ಗೊತ್ತು. ಜಂಬಕ್ಕೆ ಹೇಳುತ್ತಿಲ್ಲ, ಈ ಕಥೆಯ ಹೊತ್ತಿಗಾಗಲೇ ನಂಜನಗೂಡಿನ ಹೈಸ್ಕೂಲಿನಲ್ಲಿ ಹದಿನೆಂಟು ವರ್ಷ ಅದನ್ನೇ ಪಾಠ ಮಾಡಿದವನು ನಾನು. ಭೂಪಟದಲ್ಲಿ ನಾನು ಕೋಲಿಟ್ಟು ತೋರಿಸದ ಜಾಗವಿಲ್ಲ. ಕಾಲಿಟ್ಟ ಜಾಗ ಯಾವುದು ಎಂದು ಕೇಳಿದರೆ ಮಾತ್ರ ಆಗಿನ ಪಟ್ಟಿ ಚಿಕ್ಕದು: ಮೈಸೂರು, ಊಟಿ ಮತ್ತು ಹೆಂಡತಿಯ ತವರಾದ ತಿ. ನರಸೀಪುರ.

ತೊಂಬತ್ತರ ದಶಕದ ಕೊನೆಯ ಮಾತು. ಮೈಸೂರಿನ ಫುಟ್‌ಪಾತಿನಲ್ಲಿ ಹಳೆಯ ಇಂಗ್ಲಿಷ್ ಮ್ಯಾಗಜೀನೊಂದು ಸಿಕ್ಕಿತು. ಅದರ ಕೊನೆಯ ಪುಟದಲ್ಲಿ ಒಂದು ಕೂಪನ್! ತುಂಬಿ ಕಳಿಸಿದರೆ ಅಲಾಸ್ಕಾದ ಹೆದ್ದಾರಿಗಳು, ಕಾಡುಗಳು, ಹಿಮಪರ್ವತಗಳ ಬಣ್ಣದ ಪುಸ್ತಕ ಪುಕ್ಕಟೆಯಾಗಿ ಮನೆಗೆ ಬರುತ್ತದಂತೆ. ಕೂಪನ್ನಿನಲ್ಲಿ ಎರಡು ಪ್ರಶ್ನೆಗಳಿದ್ದವು. ಎಷ್ಟು ಜನ ಬರುತ್ತೀರಿ? ಯಾವ ತಿಂಗಳು? ಖಾಲಿ ಬಿಟ್ಟರೆ ಪುಸ್ತಕ ಕಳಿಸದೆ ಹೋದಾರು ಎಂದು ಹೆದರಿ 'ಇಬ್ಬರು, ಮೇ ತಿಂಗಳು' ಎಂದು ದುಂಡಗೆ ಬರೆದೆ. ಬೇಸಿಗೆ ರಜೆ ಅಲ್ಲವೇ! ಅಂಚೆಗೆ ಹಾಕಿ ಮರೆತುಬಿಟ್ಟೆ.

ಅಲಾಸ್ಕಾದವರು ಮರೆಯಲಿಲ್ಲ.

ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ ಪೋಸ್ಟ್‌ಮ್ಯಾನ್ ಮಹದೇವ ಬೀದಿಯ ತುದಿಯಿಂದಲೇ ಸೈಕಲ್ ಬೆಲ್ಲು ಬಾರಿಸುತ್ತಾ ಬಂದ. ಕೈಯಲ್ಲಿ ದಿಂಬಿನಷ್ಟು ದಪ್ಪದ ಪ್ಯಾಕೆಟ್ಟು. ಪಾರದರ್ಶಕ ಕವರಿನೊಳಗೆ ಮೇಲೆಯೇ ಒಂದು ಪತ್ರ.

"ಮೇಷ್ಟ್ರೇ! ಅಮೇರಿಕಾದಿಂದ ಬಂದದೆ! ಮೇ ತಿಂಗ್ಳು ನೀವಿಬ್ರೂ ಬತ್ತೀರಂತೆ, ಕಾಯ್ಕೊಂಡಿರ್ತೀವಿ ಅಂತ ಬರ್ದವ್ರೆ ಸಾ!"

ಮಹದೇವ ಎಸ್ಸೆಸ್ಸೆಲ್ಸಿ ಪಾಸು. ಅದೇ ಆದ ಅನಾಹುತ! ಅವನು ನಮ್ಮ ಬೀದಿಯ ಉಳಿದ ಹದಿಮೂರು ಮನೆಗೂ ಟಪಾಲು ಕೊಡುತ್ತಾ ಜೊತೆಗೆ ನನ್ನ ಸುದ್ದಿಯನ್ನೂ ಕೊಟ್ಟ. ಮಧ್ಯಾಹ್ನದ ಹೊತ್ತಿಗೆ ಪಕ್ಕದ ಮನೆಯ ಬೆಲ್ಲದ ವ್ಯಾಪಾರಿ ಮಾದಪ್ಪನವರು ನಮ್ಮ ಜಗಲಿಯ ಮೇಲಿದ್ದರು.

"ಅಲ್ಲಾ ಮೇಷ್ಟ್ರೇ, ಇಷ್ಟು ದೊಡ್ಡ ಇಸ್ಯ ಒಂದ್ ಮಾತು ಏಳ್ಬಾರ್ದಾ ನಮ್ಗೆ?"

ಆಗಲೇ 'ಇಲ್ಲ' ಎಂದುಬಿಡಬೇಕಿತ್ತು. ಎರಡೇ ಅಕ್ಷರ. ಆದರೆ ನನ್ನ ಹೆಂಡತಿ ಗೌರಿ ಬಾಗಿಲ ಬಳಿ ನಿಂತು ನನ್ನನ್ನೇ ನೋಡುತ್ತಿದ್ದಳು. ಮದುವೆಯಾದ ಹದಿನಾರು ವರ್ಷಗಳಲ್ಲಿ ಅವಳು ನನ್ನನ್ನು ಹಾಗೆ ನೋಡಿದ್ದೇ ಇಲ್ಲ. "ನೋಡೋಣ, ಇನ್ನೂ ಟೈಮಿದೆ" ಎಂದೆ.

ಆ ದಿನವೇ ಗೌರಿ ಪುಸ್ತಕ ಬಿಚ್ಚಿಕೊಂಡು ಕೂತಳು. ಒಂದು ಪುಟದಲ್ಲಿ ನೆಟ್ಟಗೆ ಹೋಗುವ ಕಪ್ಪು ರಸ್ತೆ, ಅದರ ತುದಿಗೆ ಮುಗಿಲೆತ್ತರದ ಬಿಳಿಯ ಬೆಟ್ಟ. ಅದರ ಮೇಲೆ ಕೈಯಾಡಿಸಿದಳು.

"ರೀ, ಈ ರಸ್ತೇಲಿ ನಾಲ್ಕೇ ಹೆಜ್ಜೆ ನಡೆದ್ರೂ ಸಾಕು ಕಣ್ರೀ. ಹಿಮಾನ ಒಂದ್ಸಲ ಕೈಯಲ್ಲಿ ಹಿಡ್ಕೊಂಡು ನೋಡ್ಬೇಕು. ಇನ್ನೇನೂ ಬೇಡ ನಂಗೆ."

"ಖರ್ಚು ಜಾಸ್ತಿ ಆಗುತ್ತೆ, ಗೌರಿ..."

"ಖರ್ಚೇನು? ಅವರೇ ತಾನೆ ಕರೆದಿರೋದು? ಕರೆದೋರು ನೋಡ್ಕೊಳ್ಳಲ್ವಾ?"

ನಮ್ಮ ಕಡೆ ಕರೆದವರೇ ನೋಡಿಕೊಳ್ಳುವುದು. ಅಲಾಸ್ಕಾದ ಕಡೆ ಹಾಗಲ್ಲ ಎಂದು ಹೇಳಲು ಬಾಯಿ ತೆರೆದೆ. ಅವಳ ಮುಖ ನೋಡಿ ಆ ಬಾಯಲ್ಲಿ ಆಕಳಿಸಿಬಿಟ್ಟೆ.

ಇಷ್ಟಾದರೂ ಬಚಾವಾಗಬಹುದಿತ್ತೇನೋ. ಆದರೆ ನಮ್ಮ ಬೀದಿಯಲ್ಲಿ ಒಂದು ಪದ್ಧತಿ ಉಂಟು. ಯಾರಾದರೂ ಕಾಶಿಗೆ ಹೊರಟರೆ ಮನೆಮನೆಯವರೂ ಕರೆದು ಊಟ ಹಾಕಿ ಕಳಿಸುತ್ತಾರೆ. ಹೋಗಿಬಂದವರು ಬೀದಿಗೆಲ್ಲ ಸಮಾರಾಧನೆ ಮಾಡುತ್ತಾರೆ. ಕಾಶಿಗೇ ಹೀಗಾದರೆ ಅಲಾಸ್ಕಾಗೆ ಬಿಟ್ಟಾರೆಯೇ! ಏಪ್ರಿಲ್ ಬಂದದ್ದೇ ತಡ, ಊಟಗಳು ಶುರುವಾದವು. ಮೊದಲ ಮನೆಯಲ್ಲಿ ಒಬ್ಬಟ್ಟು. ಎರಡನೆಯದರಲ್ಲಿ ಕಜ್ಜಾಯ. ಮೂರನೆಯ ಮನೆಯವರು ಇವರಿಬ್ಬರನ್ನೂ ಮೀರಿಸಬೇಕೆಂದು ಒಬ್ಬಟ್ಟು, ಕಜ್ಜಾಯ ಎರಡನ್ನೂ ಮಾಡಿದರು!

ಪ್ರತಿ ಮನೆಯಲ್ಲೂ ಊಟದ ಮೇಲೆ ನನ್ನ ಉಪನ್ಯಾಸ. ಸುಳ್ಳಾಡಿದೆ ಎನ್ನಬೇಡಿ, ಹೇಳಿದ್ದೆಲ್ಲ ನಿಜವೇ. "ಅಲ್ಲಿ ಬೇಸಿಗೆಯಲ್ಲಿ ಸೂರ್ಯ ಮುಳುಗುವುದೇ ಅಪರೂಪ" ಎಂದೆ.

"ಅಯ್ಯೋ ಸಿವನೇ! ಅಂಗಾರೆ ಸಂಜೆ ದೀಪ ಅಚ್ಚೋದು ಯಾವಾಗ?" ಎಂದರು ಮಾದಪ್ಪನವರ ಹೆಂಡತಿ ನಾಗಮ್ಮ. ಹದಿನೆಂಟು ವರ್ಷದ ಸರ್ವೀಸಿನಲ್ಲಿ ಇಷ್ಟು ಒಳ್ಳೆಯ ಪ್ರಶ್ನೆಯನ್ನು ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ. ಎಂಥಾ ಖುಷಿ! ಆ ಖುಷಿಯಲ್ಲಿ ಇನ್ನೊಂದು ಕಜ್ಜಾಯ ಹಾಕಿಸಿಕೊಂಡೆ. ಮಾದಪ್ಪನವರು ಊಟಿಯಲ್ಲಿ ಕೊಂಡಿದ್ದ ಮಂಕಿ ಕ್ಯಾಪನ್ನು ಸ್ವತಃ ನನ್ನ ತಲೆಗೆ ತೊಡಿಸಿ ಕಣ್ಣೊರೆಸಿಕೊಂಡರು.

ಹದಿಮೂರನೆಯ ಮನೆಯ ಊಟ ಮುಗಿಸಿ ಬಂದ ಮಧ್ಯಾಹ್ನ ಗೌರಿ ಟ್ರಂಕಿಗೆ ಚಟ್ನಿಪುಡಿ ತುಂಬುತ್ತಿದ್ದಳು. ಇನ್ನು ತಡೆಯಲಾಗಲಿಲ್ಲ.

"ಗೌರಿ, ಒಂದು ಸಣ್ಣ ವಿಷಯ. ವಿಮಾನದ ಟಿಕೆಟ್ಟು ನಾವೇ ತಗೋಬೇಕಂತೆ."

"ಎಷ್ಟಾಗುತ್ತೆ?"

ಹೇಳಿದೆ. ಅವಳು ಟ್ರಂಕಿನ ಮೇಲೆ ಕೂತಳು. ಕೂಪನ್ನಿನ ಕಥೆಯನ್ನೂ ಹೇಳಿದೆ. ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ನನಗೆ ನನ್ನ ಮೇಲೇ ಅಸಹ್ಯವಾಯಿತು.

ಅತ್ತು ಮುಗಿಸಿ ಮೂಗೊರೆಸಿಕೊಂಡು ಎದ್ದಳು. "ಹದಿಮೂರು ಮನೆ ಉಪ್ಪು ತಿಂದಾಯ್ತು. ಹೋಗಲ್ಲ ಅಂತ ಯಾವ ಬಾಯಲ್ಲಿ ಹೇಳ್ತೀರಿ? ನಮ್ಮಮ್ಮನ ಮನೇಲಿ ಇಪ್ಪತ್ತು ದಿನ ಕದ ಹಾಕ್ಕೊಂಡು ಕೂತಿದ್ದು ಬರೋಣ, ನಡೀರಿ. ಆ ಪುಸ್ತಕ ಕೊಡಿ ಇಲ್ಲಿ. ಹೋಗೋಕಂತೂ ಆಗ್ಲಿಲ್ಲ, ಓದಾದ್ರೂ ಓದ್ತೀನಿ."

ಮೇ ತಿಂಗಳ ಬಿಸಿಲು. ಬೀದಿಗೆ ಬೀದಿಯೇ ಬಸ್ ಸ್ಟ್ಯಾಂಡಿಗೆ ಬಂದಿತ್ತು. ಮಾದಪ್ಪನವರಿಗೆ ಬೇಜಾರಾಗದಿರಲೆಂದು ನಾನು ಮಂಕಿ ಕ್ಯಾಪು ಹಾಕಿಕೊಂಡಿದ್ದೆ. ಬೆವರು ಕೆನ್ನೆಯಿಂದ ಇಳಿದು ಅವರು ಹಾಕಿದ್ದ ಹಾರದ ಹೂವು ನೆನೆಯುತ್ತಿತ್ತು. ಜನ ಅದನ್ನು ಕಣ್ಣೀರು ಎಂದುಕೊಂಡರು. ಮೈಸೂರಿನಲ್ಲಿ ಇಳಿದೆವು. ಅಲ್ಲಿಂದ ತಿ. ನರಸೀಪುರದ ಬಸ್ಸು ಹತ್ತಿದೆವು. ನಮ್ಮ ಉತ್ತರ ಧ್ರುವ ಯಾತ್ರೆಯ ಎರಡನೆಯ ಮತ್ತು ಅಂತಿಮ ಘಟ್ಟ!

ಅತ್ತೆಯವರು ಒಳ್ಳೆಯವರು. ಕಾರಣ ಕೇಳಲಿಲ್ಲ, ನನ್ನನ್ನು ರಾಗಿ ಮೂಟೆಗಳಿದ್ದ ಕೋಣೆಗೆ ಸೇರಿಸಿದರು. ಗೌರಿ ಡಿಕ್ಷನರಿ ಇಟ್ಟುಕೊಂಡು ಹಗಲೆಲ್ಲ ಓದುತ್ತಿದ್ದಳು. ಯಾವ ಹೆದ್ದಾರಿ ಯಾವ ಕಣಿವೆ ದಾಟುತ್ತದೆ, ಯಾವ ಕಾಡಿನಲ್ಲಿ ಯಾವ ಮೃಗ, ಎಲ್ಲವೂ ಕಂಠಪಾಠ. ನಾನು ಮೂಟೆಗಳ ನಡುವೆ ಕೂತು ಸೆಕೆಗೆ ಬೇಯುತ್ತಿದ್ದೆ.

ಒಂಬತ್ತನೆಯ ದಿನ ತಡೆಯಲಾರದೆ ತಲೆಗೆ ಟವೆಲ್ ಸುತ್ತಿಕೊಂಡು ಸಂಗಮಕ್ಕೆ ಹೋಗಿ ಹೊಳೆಗಿಳಿದೆ. ಆಹಾ, ಏನು ತಂಪು! ಮುಖ ತೊಳೆದು ಕಣ್ಣು ಬಿಟ್ಟರೆ ಎರಡು ಮಾರು ದೂರದಲ್ಲಿ ಸೂರ್ಯನಿಗೆ ಕೈಮುಗಿದು ಒಬ್ಬರು ನಿಂತಿದ್ದಾರೆ. ಮಾದಪ್ಪನವರು! ಬೆಲ್ಲ ಕೊಳ್ಳಲು ಬಂದವರು ಹಾಗೇ ಒಂದು ಸ್ನಾನಕ್ಕೆ ಇಳಿದಿದ್ದರು.

ತಕ್ಷಣ ಮುಳುಗಿದೆ. ಮುಳುಗಿದೆ ಎಂದರೆ ಪ್ರಯತ್ನಪಟ್ಟೆ. ಬೇಸಿಗೆಯ ಹೊಳೆ, ನೀರು ಮೊಣಕಾಲಿನಷ್ಟು. ತಲೆ ಒಳಗಿಟ್ಟರೆ ಬೆನ್ನು ಹೊರಗೆ, ಬೆನ್ನು ಒಳಗಿಟ್ಟರೆ ಹೊಟ್ಟೆ ಹೊರಗೆ. ಆ ಹೊಟ್ಟೆಯಾದರೋ ಹದಿಮೂರು ಮನೆಯವರು ಸೇರಿ ಬೆಳೆಸಿದ್ದು. ಗುರುತು ಸಿಗದೇ ಇರುತ್ತದೆಯೇ!

"ಮೇಷ್ಟ್ರೇ... ಅಲಾಸ್ಕಾದಲ್ಲಿ ನೀರು ಇಷ್ಟೇನಾ ಇರೋದು?"

ಕಾರಣ ಹೇಳಲು ಬಾಯಿ ತೆರೆದೆ. ನೀರು ಒಳಗೆ ಹೋಯಿತು. ಕೆಮ್ಮುತ್ತಾ ಕೆಮ್ಮುತ್ತಾ ಎಲ್ಲವನ್ನೂ ಒಪ್ಪಿಕೊಂಡೆ. ಮಾದಪ್ಪನವರು ಹೊಟ್ಟೆ ಹಿಡಿದುಕೊಂಡು ನಕ್ಕು ನೀರಿನಲ್ಲೇ ಕೂತುಬಿಟ್ಟರು. ಆಮೇಲೆ ಬಾಯ್ತುಂಬ ಬೈದರು. ಕೊನೆಗೆ ನಮ್ಮಿಬ್ಬರನ್ನೂ ಬೆಲ್ಲದ ಟೆಂಪೋದಲ್ಲಿ ಅಚ್ಚುಬೆಲ್ಲದ ಮೇಲೆ ಕೂರಿಸಿಕೊಂಡು ನಂಜನಗೂಡಿಗೆ ಹೊರಟರು. ಬೀದಿಗೆ ತಿರುಗುತ್ತಲೇ ಹಾರನ್ ಬಾರಿಸಿ ಕೂಗಿದರು: "ಬನ್ರಪ್ಪೋ! ಅಲಾಸ್ಕಾದೋರು ಬಂದ್ರು!"

ಬೀದಿಯ ತೀರ್ಪನ್ನು ನಾಗಮ್ಮ ಕೊಟ್ಟರು. "ಓಗಿದ್ದು ಸುಳ್ಳಾದ್ರೂ ಉಂಡಿದ್ದು ದಿಟ ತಾನೆ? ಸಮಾರಾಧನೆ ಮಾಡ್ಲಿ, ಸರಿಹೋಯ್ತದೆ."

ಮಾಡಿದೆ. ಊಟದ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಾ ಯಾರೋ ಗೌರಿಯನ್ನು ಕೇಳಿದರು, "ಓಗ್ಲಿ ಬುಡವ್ವ, ಪುಸ್ತಕದಲ್ಲಿ ಏನಿತ್ತು, ಅದ್ನಾದ್ರೂ ಏಳು." ಅವಳು ಶುರುಮಾಡಿದಳು ನೋಡಿ! ಹಿಮದ ಹೊಳೆಗಳು, ರಸ್ತೆಗೆ ಅಡ್ಡ ಬರುವ ಕವಲುಕೊಂಬಿನ ಮೃಗಗಳು, ಮೈಲಿಗಟ್ಟಲೆ ಮನೆಯಿಲ್ಲದ ಹಾದಿ. ಇಡೀ ಬೀದಿ ಬಾಯಿ ಬಿಟ್ಟುಕೊಂಡು ಕೇಳಿತು.

"ಕರಡಿ ಸಿಕ್ಕಿದ್ರೆ ಓಡ್ಬಾರ್ದಂತೆ. ಮೆತ್ತಗೆ ಮಾತಾಡ್ತಾ ಹಿಂದಕ್ಕೆ ಸರೀಬೇಕಂತೆ."

"ಯಾವ ಭಾಸೇಲಿ ಮಾತಾಡ್ಬೇಕವ್ವ?" ಎಂದರು ನಾಗಮ್ಮ.

ನಾನು ಗಂಟಲು ಸರಿಮಾಡಿಕೊಂಡೆ. "ಅದು ಹಾಗಲ್ಲ, ಕರಡಿಗಳಲ್ಲಿ ಮುಖ್ಯವಾಗಿ..."

"ನೀವು ಸುಮ್ನಿರ್ರೀ!" ಎಂದಳು ಗೌರಿ. "ಹೋಗಿಬಂದೋರ ಥರ ಮಾತಾಡ್ಬೇಡಿ!"

ಅಂದೇ ಅಲ್ಲೇ ತೀರ್ಮಾನವಾಯಿತು. ಅಲಾಸ್ಕಾ ಆಗದಿದ್ದರೆ ಕತ್ತೆ ಬಾಲ, ನಮ್ಮ ಹಿಮಾಲಯವೂ ಉತ್ತರವೇ! ಮರುವರ್ಷದ ಬೇಸಿಗೆಗೆ ಬೀದಿಯ ಹನ್ನೊಂದು ಜನ ಹಿಮಾಚಲಕ್ಕೆ ಹೊರಟೆವು. ಗೌರಿಯೇ ಮುಂದಾಳು. ನಾನು ಸಾಮಾನು ಹೊರುವವರ ಪಟ್ಟಿಯಲ್ಲಿದ್ದೆ.

ರೈಲು, ಬಸ್ಸು, ಕೊನೆಗೊಂದು ವ್ಯಾನು. ಕಣಿವೆಯ ಅಂಚಿನಲ್ಲಿ ಸುತ್ತಿ ಸುತ್ತಿ ಏರುವ ಹೆದ್ದಾರಿ. ಎತ್ತರದ ಜಾಗದಲ್ಲಿ ಉಸಿರು ಕಟ್ಟಿ ವಾಂತಿಯಾಗುತ್ತದೆಂದು ಎಲ್ಲರಿಗೂ ಅರ್ಧ ಗಂಟೆ ವಿವರಿಸಿದವನು ನಾನೇ. ಆದದ್ದೂ ನನಗೊಬ್ಬನಿಗೇ! ತಲೆ ಗಿರ್ರೆಂದು ತಿರುಗಿ, ಮೂಗಿಗೆ ನಿಂಬೆಹಣ್ಣು ಹಿಡಿದುಕೊಂಡು, ಕಣ್ಣು ಮುಚ್ಚಿ ಹಿಂದಿನ ಸೀಟಿನಲ್ಲಿ ಮಲಗಿದೆ. ವ್ಯಾನು ನಿಂತಿತು. "ಹಿಮ! ಹಿಮ!" ಎಂದು ಎಲ್ಲರೂ ಕೂಗುತ್ತಾ ಇಳಿದು ಓಡಿದರು. ಎಲ್ಲರಿಗಿಂತ ಜೋರಾಗಿ ಕೇಳಿದ್ದು ಗೌರಿಯ ದನಿ. ಕಣ್ಣು ಬಿಡಲಾಗದಿದ್ದರೂ ಆ ದನಿ ಕೇಳಿ ನನ್ನ ಎದೆ ತುಂಬಿಬಂತು. ಸ್ವಲ್ಪ ಹೊತ್ತಿಗೆ ಹಣೆಯ ಮೇಲೆ ಏನೋ ಕೊರೆಯುವಷ್ಟು ತಣ್ಣಗೆ ಬಿತ್ತು.

"ಒಂದು ಹಿಡಿ ತಂದಿದ್ದೀನಿ ಕಣ್ರೀ. ಹೇಗಿದೆ?"

"ವಾಂತಿ" ಎಂದೆ.

ಊರಿಗೆ ಬಂದ ಮೇಲೆ ಮಾದಪ್ಪನವರು ನನ್ನ ಕಥೆಯನ್ನು ಹೋಟೆಲಿನಲ್ಲಿ, ಬೆಲ್ಲದ ಮಂಡಿಯಲ್ಲಿ, ಕೊನೆಗೆ ನಮ್ಮ ಹೆಡ್‌ಮಾಸ್ಟರ ಎದುರಿಗೂ ಹೇಳಿದರು. ಹೇಳುವುದು ಎರಡೇ ಮಾತು.

"ನಮ್ ಮೇಷ್ಟ್ರು ಬಾರಿ ಗಟ್ಟಿಗ್ರು ಸಾ. ಒಂದ್ ವರ್ಸ ಓಗ್ದೇನೇ ಎಲ್ಲಾ ನೋಡ್ದೋರಂಗೆ ಏಳುದ್ರು. ಇನ್ನೊಂದ್ ವರ್ಸ ಅಷ್ಟು ದೂರ ಓಗಿ ಏನೂ ನೋಡ್ದೇ ಬಂದ್ರು!"