ಮುಕ್ಕಾಲಿಯ ಉತ್ತರದ ಕಾಲು

ಮರ ನನ್ನ ಕೈಯಲ್ಲಿ ಮಾತಾಡುತ್ತದೆ ಎಂದು ಮನೆಯಲ್ಲಿ ಹೇಳಿಕೊಂಡು ಬಂದು ಹದಿನಾರು ವರ್ಷಗಳಾದವು. ಈವರೆಗೆ ಮಾತಾಡಿರುವುದು ಒಂದು ಸ್ಟೂಲು ಮಾತ್ರ. ಕೂತಾಗಲೆಲ್ಲ ಗೊಣಗುತ್ತದೆ.

ಹೀಗಿರುವಾಗ ಮಾವನವರು ಕಣ್ಣಿನ ಪೊರೆ ತೆಗೆಸಿಕೊಂಡರು. ಭಾನುವಾರ ಸಂಜೆ ನಮ್ಮ ತಾರಸಿಗೆ ಬಂದು, ಎಷ್ಟೋ ವರ್ಷಗಳ ಮೇಲೆ, ನಮ್ಮಲ್ಲೇ ಇಟ್ಟಿರುವ ತಮ್ಮ ಹಳೆಯ ದೂರದರ್ಶಕದಲ್ಲಿ ಚಂದ್ರನನ್ನು ನೋಡುತ್ತಾರೆ ಎಂದು ಸುದ್ದಿ ಬಂತು. ನಾನು ಎದೆ ತಟ್ಟಿ ಹೇಳಿದೆ:

"ಅದರ ಮೂರೂ ಕಾಲು ಹೊಸದು ಮಾಡ್ತೀನಿ. ನಿಮ್ಮಪ್ಪ ಚಂದ್ರನ್ನ ಬಿಟ್ಟು ಕಾಲನ್ನೇ ನೋಡ್ಬೇಕು."

"ಒರೆಸಿಟ್ರೆ ಸಾಕು ಕಣ್ರೀ," ಎಂದಳು ಹೆಂಡತಿ.

ಒರೆಸುವುದು ಸಾಮಾನ್ಯರ ಕೆಲಸ. ಗಡಿಯಾರ ರಿಪೇರಿ ಮಾಡುತ್ತಿದ್ದ ಮಾವ ಪ್ರಾಯದಲ್ಲಿ ಹಳೆಯ ಸಾಮಾನಿನ ಅಂಗಡಿಯಿಂದ ಹೊತ್ತು ತಂದ ಹಿತ್ತಾಳೆಯ ಕೊಳವೆ ಅದು. ಅದನ್ನು ಹೊರುವ ಮರದ ಮುಕ್ಕಾಲಿ ಹೊಗೆ ಹಿಡಿದ ಸೌಟಿನಂತಾಗಿತ್ತು. ಬಾಲ್ಕನಿಯಲ್ಲಿ ಹಳೆಯ ಪೇಪರು ಹಾಸಿ, ಉಪ್ಪುಕಾಗದ ಹಿಡಿದು ಮೂರು ದಿನ ತಿಕ್ಕಿದೆ. ಒಣಗಲು ಹಾಕಿದ ಬಟ್ಟೆಗಳಿಗೂ ಮರದ ಹುಡಿ ಸಿಕ್ಕಿತು. ಎರಡು ಕಾಲು ಥಳಥಳ ಎಂದವು. ಮೂರನೆಯದರಲ್ಲಿ, ಮೊಣಕಾಲೆತ್ತರಕ್ಕೆ, ಜೋಡಿ ಜೋಡಿಯಾಗಿ ಪುಟ್ಟ ಗುಳಿಗಳು. ತಿಕ್ಕಿದರೂ ಹೋಗದವಕ್ಕೆ ಹುಡಿಯನ್ನು ಅಂಟಿನಲ್ಲಿ ಕಲಸಿ ತುಂಬಿ, ಮೇಲೆ ವಾರ್ನಿಷ್ ಬಳಿದೆ. ಶನಿವಾರ ಹೆಂಡತಿಯನ್ನು ಕರೆದು ತೋರಿಸಿದೆ.

ಅವಳ ಬೆರಳು ಮೂರನೆಯ ಕಾಲಿನ ಮೇಲೆ ಇಳಿಯಿತು, ಹತ್ತಿತು, ಮತ್ತೆ ಇಳಿಯಿತು.

"ಇಲ್ಲಿ ಗುರುತುಗಳಿದ್ವಲ್ಲ?"

"ಇಲಿ ಕಡಿದಿತ್ತು. ಈಗ ಹುಡುಕಿದ್ರೂ ಸಿಗಲ್ಲ. ಹೇಗಿದೆ?"

"ಆ ಇಲಿ ನಾನೇ ಕಣ್ರೀ."

ಹಲ್ಲು ಬರುವಾಗಿನ ಕತೆ. ಅಪ್ಪ ಆಕಾಶ ನೋಡುತ್ತಿದ್ದರೆ ಮಗಳು ಆ ಕಾಲನ್ನು ತಬ್ಬಿ ನಿಂತು ಕಡಿಯುತ್ತಿದ್ದಳಂತೆ. ಅವರು ಗದರಲಿಲ್ಲ. ಅಂದಿನಿಂದ ಕತ್ತಲಲ್ಲಿ ಬೆರಳಾಡಿಸಿ, ಹಲ್ಲಿನ ಗುರುತು ಸಿಕ್ಕ ಕಾಲನ್ನೇ ಉತ್ತರಕ್ಕಿಡುವುದು ರೂಢಿಯಾಯಿತಂತೆ.

"ಕಣ್ಣು ಮಂಜಾದ ಮೇಲೂ, ಇಲ್ಲಿಗೆ ಬಂದಾಗಲೆಲ್ಲ ಅದನ್ನ ಒಂದ್ಸಲ ಸವರಿಯೇ ಹೋಗ್ತಿದ್ರು. ನೀವು ನೋಡಿಲ್ವಾ?"

ನೋಡಿದ್ದೆ. ಧೂಳು ಒರೆಸುತ್ತಾರೆ ಎಂದುಕೊಂಡಿದ್ದೆ.

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ಒಳಗೆ ಹೋಗಿ ಬಟ್ಟೆ ಮಡಚತೊಡಗಿದಳು. ಒಂದೇ ಟವೆಲನ್ನು ಮೂರು ಸಲ ಮಡಚಿದಳು.

ಭಾನುವಾರ ಬೆಳಿಗ್ಗೆ ಒಂದು ಮಹಾ ನಿರ್ಧಾರಕ್ಕೆ ಬಂದೆ. ಬಾಲ್ಕನಿಯಲ್ಲಿ ಕೂತು, ಆ ಕಾಲನ್ನು ಕಬ್ಬಿನಂತೆ ಅಡ್ಡ ಹಿಡಿದು, ಶಕ್ತಿಯಿದ್ದಷ್ಟು ಕಚ್ಚಿದೆ. ದವಡೆಯೊಳಗೆ ಏನೋ ಕಟಕ್ ಎಂದಿತು. ಮರವಲ್ಲ, ದಂತವೈದ್ಯರು ತುಂಬಿದ್ದ ಸಿಮೆಂಟು.

"ಏನ್ರೀ ಮಾಡ್ತಿದೀರಾ?"

"ಇಪೇಇ," ಎಂದೆ, ಕಾಲನ್ನು ಬಾಯಿಂದ ತೆಗೆಯದೆ.

ಅವಳು ಬಾಗಿಲಿಗೆ ಒರಗಿ ನಕ್ಕಳು. ನಿನ್ನೆಯಿಂದ ಮೊದಲ ಸಲ. "ಬಾಯಿ ತೊಳ್ಕೊಳ್ಳಿ. ವಾರ್ನಿಷ್ ಇನ್ನೂ ಪೂರ್ತಿ ಆರಿಲ್ಲ. ತುಟಿ ಹೊಳೀತಿದೆ."

"ಹೋಗ್ಲಿ, ನೀನೇ ಒಂದ್ಸಲ ಕಡಿದುಬಿಡೇ. ಅಸಲಿ ಆಗುತ್ತೆ."

"ಇಷ್ಟು ವರ್ಷ ನಿಮ್ಮನ್ನ ಕಡಿದಿದ್ದೇ ಸಾಕು."

ಸಂಜೆ ಮಾವ ಬಂದರು. ಚಂದ್ರ ಆಗಲೇ ಎದುರುಮನೆಯ ನೀರಿನ ಟ್ಯಾಂಕಿನ ಮೇಲೆ ಅರ್ಧ ಹೋಳಾಗಿ ಕೂತಿದ್ದ. ಅವರು ಮೇಲೆ ನೋಡಲಿಲ್ಲ. ಬಗ್ಗಿ, ಒಂದೊಂದೇ ಕಾಲನ್ನು ಸವರುತ್ತಾ ಬಂದು, ಮೂರನೆಯದರಲ್ಲಿ ಬೆರಳು ನಿಲ್ಲಿಸಿದರು. ಹೆಂಡತಿ ನನ್ನ ಕೈ ಹಿಡಿದುಕೊಂಡಳು.

"ಅಳಿಯಂದ್ರೇ, ಇವಳಿಗೆ ಆಗ ಇದ್ದಿದ್ದು ಎರಡೇ ಹಲ್ಲು. ಇಲ್ಲಿ ಒಂದು ಸಾಲೇ ಇದೆಯಲ್ಲ?"

ಉಪ್ಪುಕಾಗದದಿಂದ ಸಿಮೆಂಟಿನವರೆಗೆ ಎಲ್ಲವನ್ನೂ ಒಪ್ಪಿಕೊಂಡೆ. ಅವರು ಬಹಳ ಹೊತ್ತು ಆ ಕಾಲಿನ ಮೇಲಿಂದ ಕೈ ತೆಗೆಯಲಿಲ್ಲ. ಎಲ್ಲಿ ಏನಿತ್ತು ಎಂಬುದು ಬೆರಳಿಗೆ ಬಾಯಿಪಾಠವಿತ್ತೇನೋ, ಖಾಲಿ ಜಾಗವನ್ನೂ ಮುಟ್ಟಿ ಮುಟ್ಟಿ ನೋಡಿದರು.

"ಇರ್ಲಿ ಬಿಡಿ," ಎಂದರು ಕೊನೆಗೆ. "ಇವಳನ್ನೂ ನಾನು ಬೈದಿರ್ಲಿಲ್ಲ. ಹಲ್ಲು ಬರೋ ವಯಸ್ಸಲ್ಲಿ ಮಕ್ಕಳು ಹಾಗೇನೇ."

ಆ ಕಾಲನ್ನೇ ಉತ್ತರಕ್ಕಿಟ್ಟರು. ಕೊಳವೆಗೆ ಹೊಸ ಕಣ್ಣು ಹಚ್ಚಿ ಚಂದ್ರನನ್ನು ಕಣ್ತುಂಬ ನೋಡಿದರು. ಆಮೇಲೆ ಕಣ್ಣೊರೆಸಿಕೊಂಡು ಪಕ್ಕಕ್ಕೆ ಸರಿದು, ಮಗಳಿಗಿಂತ ಮೊದಲು ನನ್ನನ್ನು ಕರೆದರು.

"ಬನ್ನಿ, ನೀವೂ ನೋಡಿ. ಆದ್ರೆ ಕಣ್ಣು ಬಿಡಿ, ಬಾಯಿ ಮುಚ್ಚಿ."