ನನ್ನ ಮಾತು ಕೇಳಿದ ಒಂದೇ ಒಂದು ಚಿಟ್ಟೆ

ಮಧುಗಿರಿಯ ನಮ್ಮ ಬೀದಿಯಲ್ಲಿ ದೊಡ್ಡ ಕ್ಯಾಮೆರಾ ಇರುವ ಏಕೈಕ ಗಣ್ಯ ವ್ಯಕ್ತಿ ನಾನು. ಆರು ತಿಂಗಳಲ್ಲಿ ಅದರಿಂದ ತೆಗೆದದ್ದೆಲ್ಲ ಚಿಟ್ಟೆ ಈಗಷ್ಟೇ ಎದ್ದುಹೋದ ಹೂಗಳ ಚಿತ್ರ ಎಂಬುದು ಬೇರೆ ವಿಷಯ.

"ಈ ಭಾನ್ವಾರ ಒಂದಾದ್ರೂ ಚಿಟ್ಟೆ ನೆಟ್ಗೆ ಬರ್ಬೇಕು ಕಣ್ರೀ. ಇಲ್ಲಾಂದ್ರೆ ಕ್ಯಾಮೆರಾ ಅಟ್ಟಕ್ಕೆ!" ಎಂದು ಹೆಂಡತಿ ಸುಧಾ ತೀರ್ಪು ಕೊಟ್ಟಳು.

"ಒಂದೇನು, ಗೋಡೆ ತುಂಬ ತರ್ತೀನಿ!" ಎಂದು ಹೊಳವನಹಳ್ಳಿಗೆ ಮೊದಲ ಬಸ್ ಹತ್ತಿದೆ. ಅಲ್ಲಿ ನನ್ನ ಅತ್ತೆಯ ಸೇವಂತಿಗೆ ತೋಟವಿದೆ. ಆ ತೋಟದಲ್ಲಿ ಅಳಿಯನ ಮಾತಿಗೆ ಎದುರಾಡುವವರಿಲ್ಲ. ಚಿಟ್ಟೆಗಳಿಗೆ ಮಾತ್ರ ಈ ಸಂಬಂಧ ಗೊತ್ತಿರಲಿಲ್ಲ. ಬಗ್ಗಿದರೆ ಹಾರಿದವು, ಕೂತರೆ ಹಾರಿದವು. ಮಣ್ಣಲ್ಲಿ ಬೋರಲು ಮಲಗಿ ಹೊಂಚು ಹಾಕಿದೆ. ಬೆನ್ನಿಗೆ ಇರುವೆ ಹತ್ತಿ ನಾನೇ ಹಾರಿದೆ!

ಕೊನೆಗೆ ಸಿಕ್ಕಿತು. ಹಳದಿ ಹೂವಿನ ಮೇಲೆ ರೆಕ್ಕೆ ಅಗಲಿಸಿ ಕೂತ ಒಂದು ಚಿಟ್ಟೆ. ಹತ್ತಿರ ಹೋದೆ, ಕದಲಲಿಲ್ಲ. ಕೆಮ್ಮಿದೆ, ಕದಲಲಿಲ್ಲ. ಎಂಥ ಸಂಸ್ಕಾರ! ಅಷ್ಟರಲ್ಲಿ ಹೂ ಬಿಡಿಸುವ ಹೆಂಗಸರು ಅದೇ ಸಾಲಿಗೆ ಬಂದರು.

"ಈ ಸಾಲಿಗೆ ಯಾರೂ ಕೈ ಹಾಕಕೂಡದು!" ಎಂದು ಅಪ್ಪಣೆ ಹೊರಡಿಸಿದೆ.

ಅವರಲ್ಲಿ ರಂಗಮ್ಮ ಎಂಬಾಕೆ ಚಿಟ್ಟೆಯನ್ನು ನೋಡಿದಳು, ನನ್ನನ್ನು ನೋಡಿದಳು. "ಅಲ್ಲ ಸ್ವಾಮಿ, ಅದು..."

"ಸುಮ್ಕಿರೇ ರಂಗಿ! ಅಳಿಯಂದ್ರು ಫೋಟ ಹಿಡೀತಾವ್ರೆ," ಎಂದು ಅತ್ತೆ ಗದರಿದರು.

ನನ್ನ ಎದೆ ಉಬ್ಬಿತು. "ಹಂಗೇ ಇರು ತಾಯಿ... ಅಲ್ಲಾಡಬೇಡ... ಭೇಷ್!" ಎನ್ನುತ್ತ ಒಂದು ಗಂಟೆ ಕ್ಲಿಕ್ಕಿಸಿದೆ. ಹೆಂಗಸರೆಲ್ಲ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ನನ್ನ ಕಲೆ ಕಂಡು ಭಾವುಕರಾಗಿದ್ದಾರೆ ಎಂದುಕೊಂಡೆ. ಆ ಸಾಲಿನ ಹೂವಿಲ್ಲದೆಯೇ ಪೇಟೆಯ ಬಸ್ ಹೊರಟುಹೋಯಿತು. ಕಲೆಗಾಗಿ ಇಷ್ಟಾದರೂ ತ್ಯಾಗ ಬೇಡವೇ?

ಮನೆಗೆ ಬಂದವನೇ ಸುಧಾಳ ಮುಂದೆ ಕ್ಯಾಮೆರಾ ಹಿಡಿದೆ. ಅವಳು ಚಿತ್ರವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದಳು.

"ರೀ, ಚಿಟ್ಟೆ ಕತ್ತು ಹಿಡ್ಕೊಂಡಿರೋದು ಏನ್ರೀ ಅದು?"

ನೋಡಿದೆ. ಹೂವಿನದೇ ಹಳದಿ ಬಣ್ಣದ ಒಂದು ಜೇಡ, ಸಾವಕಾಶವಾಗಿ ಊಟ ಮಾಡುತ್ತಿತ್ತು! ನನ್ನ ವಿಧೇಯ ಚಿಟ್ಟೆ ನಾನು ತೋಟಕ್ಕೆ ಕಾಲಿಡುವ ಮೊದಲೇ ಸತ್ತಿತ್ತು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಅತ್ತೆಗೆ ಫೋನ್ ಹಚ್ಚಿದೆ.

"ಅತ್ತೆ, ನಿಮಗೆ ಮೊದಲೇ ಗೊತ್ತಿತ್ತಾ?"

"ತೋಟದಾಗಿದ್ದೋರಿಗೆಲ್ಲ ಗೊತ್ತಿತ್ತು ಅಳಿಯಂದ್ರೆ. ನೀವು ಅಷ್ಟು ಪಿರೂತಿಯಿಂದ ಮಾತಾಡುಸ್ತಿದ್ರಿ. ಸತ್ತೋಗೈತೆ ಅಂತ ಹೆಂಗೆ ಯೋಳಾನ?"

ಸುಧಾ ಬಿದ್ದು ಬಿದ್ದು ನಕ್ಕಳು. ತಡೆಯಲಾಗದೆ ನಾನೂ ನಕ್ಕೆ. ಕಣ್ಣೊರೆಸಿಕೊಂಡು ಅವಳು ಅಟ್ಟಕ್ಕೆ ಏಣಿ ಹಾಕಿದಳು. ಒಂದು ಹೆಣಕ್ಕೆ ಗಂಟೆ ಹೊತ್ತು ಭೇಷ್ ಎಂದವನಿಗೆ ಮೇಲ್ಮನವಿ ಎಲ್ಲಿಯದು? ಅವಳು ಜಾರದಂತೆ ಏಣಿಯನ್ನು ಭದ್ರವಾಗಿ ಹಿಡಿದುಕೊಂಡವನು ನಾನೇ!