ಗಾಣದಕೊಪ್ಪಲಿನ ಏಕಮಾತ್ರ ನಿರಕ್ಷರಿ

ಮದ್ದೂರು ತಾಲ್ಲೂಕಿನ ಗಾಣದಕೊಪ್ಪಲು ಸಂಪೂರ್ಣ ಅಕ್ಷರಸ್ಥ ಗ್ರಾಮವೆಂದು ಎರಡನೆಯ ಮಹಾಯುದ್ಧದ ಕಾಲದಲ್ಲಿಯೇ ಘೋಷಿತವಾಗಿದೆ. ಆ ಊರಿನಲ್ಲಿ ಓದು ಬರಹ ಬಲ್ಲವರು ಒಬ್ಬರೇ ಇದ್ದಾರೆ, ಆಕೆ ನಿರಕ್ಷರಿ. ಇದರಲ್ಲಿ ವಿರೋಧ ಕಾಣುವವರಿಗೆ ಆಡಳಿತದ ಅನುಭವ ಸಾಲದು.

ವಯಸ್ಕರೆಲ್ಲರೂ ಓದಲು, ಬರೆಯಲು, ಕೂಡಿ ಕಳೆಯಲು ಕಲಿಯದ ಹೊರತು ದೇಶಕ್ಕೆ ಗತಿಯಿಲ್ಲವೆಂದು ಮಂಡ್ಯದಲ್ಲಿ ಅಕ್ಷರ-ಅಂಕಿ ಪ್ರಚಾರ ಸಮಿತಿ ಸ್ಥಾಪನೆಯಾಗಿತ್ತು. ಕಾಶಿಯಿಂದ ಕೊಲಂಬೊವರೆಗೆ ಸಮಿತಿಗಳ ಸ್ವಭಾವ ಒಂದೇ. ಇದೂ ಮೊದಲು ಕುರ್ಚಿ ಮಾಡಿಸಿತು, ಆಮೇಲೆ ಅದರಲ್ಲಿ ಯಾರು ಕೂರಬೇಕೆಂದು ಚರ್ಚಿಸಿತು, ಕೂತ ಮೇಲೆ ಆಜ್ಞೆ ಹೊರಡಿಸಿತು: "ಪ್ರತಿ ಮನೆಯಿಂದಲೂ ಒಬ್ಬ ವಯಸ್ಕರು ಸಂಜೆ ಶಾಲೆಗೆ ಹಾಜರಾಗತಕ್ಕದ್ದು. ತಪ್ಪಿದ ಮನೆಗೆ ಸೀಮೆಣ್ಣೆ ಕೊಡತಕ್ಕದ್ದಲ್ಲ."

ಆಗ ಸೀಮೆಣ್ಣೆ ತುಪ್ಪಕ್ಕಿಂತ ಅಪರೂಪ. ಊರು ಅರಳಿಕಟ್ಟೆಯಲ್ಲಿ ಸೇರಿತು.

"ಎಲ್ರೂ ಓಗಿ ಶಾಲೇಲಿ ಕುಂತ್ಕಂಡ್ರೆ ಗದ್ದೆಗೆ ನೀರು ಕಟ್ಟೋರ್ಯಾರ್ಲಾ?" ಎಂದರು ಪಟೇಲ್ ಹುಚ್ಚೀರಯ್ಯನವರು. "ನಾಟಿಗೆ ಮುಯ್ಯಾಳು ಕಳ್ಸಾಕಿಲ್ವಾ? ಅಂಗೇ ಇದ್ಕೂ ಕಳ್ಸವಾ."

ಇಂದು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು, ಕೂಲಿಯಿಲ್ಲ, ಇದೇ ಮುಯ್ಯಿ. ನಾಟಿ, ಕಳೆ, ಕೊಯ್ಲು ಎಲ್ಲ ಹೀಗೆ ನಡೆಯುವಾಗ ಅಕ್ಷರವೊಂದು ಏಕೆ ನಡೆಯಬಾರದೆಂಬುದಕ್ಕೆ ಊರಿಗೆ ಕಾರಣ ಹೊಳೆಯಲಿಲ್ಲ.

ಚಿಕ್ಕಮಾದಮ್ಮ ಎದ್ದು ನಿಂತಳು. ಗಂಡ ತೀರಿಕೊಂಡ ಮೇಲೆ ಮೈದುನನ ಮನೆಯಲ್ಲಿ ಮುಸುರೆ ತಿಕ್ಕಿ ಸಾಕಾಗಿದ್ದವಳು. ಮಂಡ್ಯದಲ್ಲಿ ಹೊಸದಾಗಿ ತೆರೆಯುವ ಹೆರಿಗೆಮನೆಗೆ ಓದು ಬಲ್ಲ ಹಳ್ಳಿ ಹೆಂಗಸೊಬ್ಬಳು ಬೇಕು, ಇರಲು ಕೋಣೆ ಕೊಡುತ್ತಾರೆ, ಸಮಿತಿಯ ಸರ್ಟಿಫಿಕೇಟು ತರಬೇಕು ಎಂದು ಸಂತೆಯಲ್ಲಿ ತಮಟೆ ಹೊಡೆದು ಸಾರಿದ್ದನ್ನು ಅವಳು ಕೇಳಿದ್ದಳು. ಆ ಕೋಣೆ ಅವಳ ತಲೆಯಲ್ಲಿ ಕೂತುಬಿಟ್ಟಿತ್ತು.

"ಎಲ್ರ ಪರ್ವಾಗೂ ನಾನ್ ಓಯ್ತೀನಿ. ನನ್ ಗದ್ದೆ ಕಳೆ ನೀವ್ ಕಿತ್ಕೊಡಿ."

"ಆಯ್ತು ಕಣಮ್ಮ, ಅದೇನ್ ದೊಡ್ ಮಾತು!" ಎಂದಿತು ಊರು.

ಮದ್ದೂರಿನಿಂದ ಬರುತ್ತಿದ್ದ ಮೇಷ್ಟ್ರು ಕರಿಸಿದ್ದಯ್ಯನವರು ದಿನವೂ ಊರಿನ ಹೆಸರುಗಳನ್ನೆಲ್ಲ ಕೂಗುತ್ತಿದ್ದರು. ಎಲ್ಲದಕ್ಕೂ ಚಿಕ್ಕಮಾದಮ್ಮನೇ "ಇವ್ನಿ" ಎನ್ನುತ್ತಿದ್ದಳು. ಗಂಡಸರ ಹೆಸರಾದರೆ ಗಂಟಲು ಸ್ವಲ್ಪ ದಪ್ಪ ಮಾಡಿಕೊಳ್ಳುತ್ತಿದ್ದಳು. "ಇಷ್ಟು ಪೂರ್ಣ ಹಾಜರಾತಿ, ಇಷ್ಟು ಕಡಿಮೆ ಗದ್ದಲ, ನನ್ನ ಸರ್ವೀಸಿನಲ್ಲಿ ಕಂಡದ್ದಿಲ್ಲ" ಎಂದು ಮೇಷ್ಟ್ರು ಮೇಲಕ್ಕೆ ವರದಿ ಮಾಡಿದರು. ಅವಳು ಪಾಠ ಪುಸ್ತಕ ಮುಗಿಸಿ, ಬೆಲ್ಲ ಕಟ್ಟಿ ತಂದ ಹಳೆಯ ಪತ್ರಿಕೆಗಳನ್ನೂ ಓದತೊಡಗಿದಳು. ಅಷ್ಟರಲ್ಲಿ ಅವಳ ಗದ್ದೆಯ ಕಳೆ ಭತ್ತವನ್ನು ಮೀರಿ ಬೆಳೆದಿತ್ತು. ನಾಲೆಗೆ ನೀರು ಬಿಟ್ಟಿದ್ದರಿಂದ ಊರಿಗೆ ಪುರುಸೊತ್ತಾಗಿರಲಿಲ್ಲ.

ಪರೀಕ್ಷೆಯ ದಿನ ಮಂಡ್ಯದಿಂದ ಇನ್ಸ್‌ಪೆಕ್ಟರು ಬಂದರು. ಪಕ್ಷಪಾತಕ್ಕೆ ಎಡೆಯಾಗದಂತೆ ಪರೀಕ್ಷಕರು ಬರಹವನ್ನು ನೋಡತಕ್ಕದ್ದು, ಮುಖವನ್ನಲ್ಲ ಎಂಬ ನಿಯಮವಿತ್ತು. ಆದುದರಿಂದ ಅವರು ಚಾವಡಿಯ ಒಳಗೆ ಕೂತು ಹೆಸರು ಕೂಗಿದರು. ಸ್ಲೇಟುಗಳು ಕಿಟಕಿಯಿಂದ ಹೋದವು. ಹೊರಗೆ ಚಿಕ್ಕಮಾದಮ್ಮ ಎಲ್ಲರದೂ ಬರೆದಳು. ಕೊನೆಗೆ ಅವಳದೇ ಹೆಸರು ಬಂತು.

ಪಟೇಲರು ಸ್ಲೇಟು ಕಿತ್ತುಕೊಂಡರು. "ಇದು ನಮ್ದು."

"ನನ್ ಎಸ್ರಿಂದು ನಾನೇ ಬರ್ಕತೀನಿ ಪಟೇಲ್ರೇ!"

"ಅದೆಂಗಾಯ್ತದಮ್ಮೀ? ನಿನ್ ಗದ್ದೆ ಮುಯ್ಯಿ ಬಾಕಿ ಅದೆ. ಊರು ನಿನ್ ರುಣ ಉಳಿಸ್ಕಬೇಕಾ? ನಿನ್ಗೆ ನಾನ್ ಬರೀತೀನಿ, ಬುಡು."

"ನಿಮ್ಗೆ ಬರಿಯಾಕ್ ಬತ್ತದಾ?"

"ಮುಯ್ಯಾಳು ಅಂದ್ಮ್ಯಾಕೆ ಕೆಲ್ಸ ಬತ್ತದಾ ಅಂತ ಕೇಳ್ತಾರಾ? ಆಳು ಬಂದ್ನಾ, ಮುಯ್ಯಿ ತೀರ್ತು."

ಪಟೇಲರು ಶ್ರದ್ಧೆಯಿಂದ ಒಂದು ಎತ್ತಿನ ಚಿತ್ರ ಬರೆದು ಒಳಗೆ ಕಳಿಸಿದರು.

ಇನ್ಸ್‌ಪೆಕ್ಟರು ಪ್ರಸನ್ನರಾಗಿ ಹೊರಬಂದರು. "ಅಪೂರ್ವ ಶಿಸ್ತು! ಇಡೀ ಗ್ರಾಮದ ಅಕ್ಷರ ಒಂದೇ ಅಚ್ಚು! ಎಲ್ಲರೂ ತೇರ್ಗಡೆ. ಚಿಕ್ಕಮಾದಮ್ಮ ಎಂಬಾಕೆ ಮಾತ್ರ ಎತ್ತು ಬರೆದಿದ್ದಾಳೆ. ಅದೂ ಕೊಂಬಿಲ್ಲದ್ದು."

"ಸ್ವಾಮಿ, ನಂಗೆ ಓದಾಕ್ ಬತ್ತದೆ. ಏನಾರ ಕೊಡಿ, ಇಲ್ಲೇ ಓದ್ತೀನಿ."

ಇನ್ಸ್‌ಪೆಕ್ಟರು ನ್ಯಾಯವಂತರು. ಕೈಯಲ್ಲಿದ್ದ ನಿಯಮಾವಳಿಯನ್ನೇ ಕೊಟ್ಟರು. ಅವಳು ತಡವರಿಸದೆ ಓದಿದಳು: "ಪರೀಕ್ಷಕರು ಬರಹವನ್ನು ನೋಡತಕ್ಕದ್ದು, ಮುಖವನ್ನಲ್ಲ."

"ನೋಡು ತಾಯಿ, ನೀನೇ ಓದಿದೆ. ನಿನ್ನ ಮುಖ ನೋಡಿ ನಾನು ಪಾಸು ಮಾಡುವಂತಿಲ್ಲ."

ಹೆಂಗಸರಲ್ಲಿ ಮೊದಲ ಸ್ಥಾನ ಪಟೇಲರ ನಾದಿನಿ ಜಯಲಕ್ಷ್ಮಮ್ಮನವರಿಗೆ ಬಂದಿತ್ತು. ಅವರು ಹೆರಿಗೆಮನೆ ಸೇರಿದರು. ಔಷಧದ ಬಾಟಲುಗಳನ್ನು ಬಣ್ಣ ನೋಡಿ ಕೊಡುತ್ತಾರೆ. ದೂರು ಕೊಡುವ ಸ್ಥಿತಿಯಲ್ಲಿ ಉಳಿದವರಾರೂ ಈವರೆಗೆ ದೂರು ಕೊಟ್ಟಿಲ್ಲ.

ಅನಂತರ ಸಮಿತಿ ಎರಡನೆಯ ಆಜ್ಞೆ ಹೊರಡಿಸಿತು: ಅಕ್ಷರಸ್ಥರಾದವರು ನಿರಕ್ಷರಿಗಳಿಗೆ ಕಲಿಸತಕ್ಕದ್ದು, ಕಲಿಸುವಷ್ಟು ಕಾಲ ಅವರಿಗೆ ಸೀಮೆಣ್ಣೆ ದುಪ್ಪಟ್ಟು. ಗಾಣದಕೊಪ್ಪಲಿನಲ್ಲಿ ಇದ್ದ ನಿರಕ್ಷರಿ ಒಬ್ಬಳೇ. ಆದುದರಿಂದ ಇಡೀ ಊರು ಅವಳಿಗೆ ಕಲಿಸಲು ಕೂತಿತು. ಪಟೇಲರು ಹೆಡ್‌ಮೇಷ್ಟ್ರಾದರು. ಹಲಗೆಯ ಮೇಲೆ ಏನಾದರೂ ಗೀಚಿ "ಇದೇನಮ್ಮೀ?" ಎಂದು ಕೇಳುತ್ತಿದ್ದರು. ಅದು ಏನೆಂದು ಅವಳಿಗೂ ನಿಜವಾಗಿ ತಿಳಿಯುತ್ತಿರಲಿಲ್ಲ.

ಒಮ್ಮೆ ಅವಳು ತಾನೇ ಹಲಗೆ ತೆಗೆದುಕೊಂಡು ತನ್ನ ಹೆಸರು ಬರೆದಳು. ಮೈದುನ ಅದನ್ನು ಒರೆಸಿ, "ಊರ್ ಮನೆ ದೀಪ ಕೆಡುಸ್ಬೇಕು ಅಂತ ಅವ್ಳೆ, ಮುಂಡೆ" ಎಂದ. ಮೇಷ್ಟ್ರುಗಳೆಲ್ಲ ಆ ಅವಿಧೇಯತೆಗೆ ನೊಂದುಕೊಂಡರು.

ಮರುವರ್ಷ ಇನ್ಸ್‌ಪೆಕ್ಟರು ಕೇಳಿದರು: "ಏನಮ್ಮ, ಇಷ್ಟು ಜನ ಗುರುಗಳಿದ್ದೂ ಒಂದಕ್ಷರವೂ ಹತ್ತಲಿಲ್ಲವೆ?"

"ನನ್ ತಲೆ ಮಂದ ಸ್ವಾಮಿ. ಮೇಷ್ಟ್ರುಗಳ್ದೇನೂ ತಪ್ಪಿಲ್ಲ."

ಈ ಯಶಸ್ಸನ್ನು ಕಂಡ ಸಮಿತಿ, ಇನ್ನು ಮುಂದೆ ಪ್ರತಿ ಗ್ರಾಮವೂ ಒಬ್ಬ ನಿರಕ್ಷರಿಯನ್ನು ಕಾಪಾಡಿಕೊಳ್ಳತಕ್ಕದ್ದೆಂದೂ, ಪರೀಕ್ಷೆಯ ಕಾಗದ ಪತ್ರ ಬರೆಯಲು ಅನುಕೂಲವಾಗುವಂತೆ ಆಕೆಗೆ ಓದು ಬರಹ ಬರುತ್ತಿರತಕ್ಕದ್ದೆಂದೂ ನಿಯಮ ಮಾಡಿತು. ಮಳವಳ್ಳಿ ಕಡೆಯ ಊರೊಂದರಲ್ಲಿ ಅಂಥವರು ಸಿಗದೆ, ನಾಲ್ಕು ಜನ ಮುಖಂಡರು ಗಾಡಿ ಕಟ್ಟಿಕೊಂಡು ಗಾಣದಕೊಪ್ಪಲಿಗೆ ಬಂದು, ಚಿಕ್ಕಮಾದಮ್ಮನನ್ನು ಒಂದು ವರ್ಷದ ಮಟ್ಟಿಗೆ ಕಳಿಸಿಕೊಡಿ, ಇರಲು ಕೋಣೆ ಕೊಡುತ್ತೇವೆ ಎಂದು ಕೈಮುಗಿದರು.

"ಎಂಗ್ರಯ್ಯಾ ಕಳ್ಸಾದು?" ಎಂದರು ಪಟೇಲರು. "ನಮ್ಗಿರಾಳೇ ಒಬ್ಳು."

ಮುಖಂಡರಿಗೆ ಆ ಮಾತು ನ್ಯಾಯವಾಗಿ ಕಂಡಿತು. ಮಜ್ಜಿಗೆ ಕುಡಿದು ಹಿಂದಿರುಗಿದರು. ಅಂದು ಸಂಜೆ ಚಿಕ್ಕಮಾದಮ್ಮ ಎಲ್ಲರಿಗಿಂತ ಮೊದಲೇ ಬಂದು ನೆಲದ ಮೇಲೆ ಕೂತಳು. ತಡವಾದರೆ ಮೇಷ್ಟ್ರುಗಳು ಬೈಯುತ್ತಾರೆ.